ವಾರಕ್ಕೆ ಮೂರು ದಿನ ಟರ್ಫ್ ಆಡ್ತೀನಿ, ಆದ್ರೂ ತೊಡೆ ಯಾಕೆ ಹಿಡ್ಕೊಳ್ತು?

ಇದು ಸೋಮವಾರದ ಪ್ರಶ್ನೆ. (ಟರ್ಫ್ ಅಂದರೆ ಕೃತಕ ಹುಲ್ಲು ಹಾಸಿ ಸುತ್ತ ನೆಟ್ ಕಟ್ಟಿದ ಚಿಕ್ಕ ಫುಟ್‌ಬಾಲ್ ಅಂಕಣ.) ಬೆಂಗಳೂರಿನಲ್ಲಿ ಕಂಪನಿಗಳ ಫುಟ್‌ಬಾಲ್ ಟೂರ್ನಮೆಂಟ್ ಶುರುವಾದರೆ ಸಾಕು, ಸೋಮವಾರ ಬೆಳಿಗ್ಗೆ ಕ್ಲಿನಿಕ್‌ನ ಬೆಂಚಿನ ಮೇಲೆ ಒಂದು ಕಾಲು ಚಾಚಿಕೊಂಡು ಕೂತವರು ಇದ್ದೇ ಇರುತ್ತಾರೆ. ಹೆಚ್ಚಿನವರು ಮೂವತ್ತು ದಾಟಿದವರು. ಕಥೆಯೂ ಹೆಚ್ಚು ಕಮ್ಮಿ ಒಂದೇ. ಫುಲ್ ಗ್ರೌಂಡ್ ಪಂದ್ಯ, ಹಾಫ್ ಟೈಮ್ ಹತ್ತಿರ ಬಂದಿತ್ತು, ಡಿಫೆನ್ಸ್ ಹಿಂದೆ ಒಂದು ಉದ್ದನೆ ಪಾಸ್ ಬಿತ್ತು, ಬಿದ್ದೆನೋ ಎದ್ದೆನೋ ಅಂತ ಓಡಿದರು, ತೊಡೆ ಹಿಂದೆ ಟಕ್ ಅಂತು. ಆಮೇಲೆ ಸ್ವಲ್ಪ ಬೇಸರದಲ್ಲಿ, ನಾನೇ ಏನೋ ಮೋಸ ಮಾಡಿದ ಹಾಗೆ ನೋಡುತ್ತಾ ಹೇಳುತ್ತಾರೆ: "ಡಾಕ್ಟ್ರೇ, ನಾನು ವಾರಕ್ಕೆ ಮೂರು ದಿನ ಟರ್ಫ್ ಆಡ್ತೀನಿ. ಫಿಟ್ ಇದ್ದೀನಿ." (ನಾನು ಡಾಕ್ಟರ್ ಅಲ್ಲ, ಫಿಸಿಯೊ. ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ.)

ಫಿಟ್ ಇದ್ದೀರಿ, ಒಪ್ಪಿದೆ. ನಿಮ್ಮ ಉಸಿರು ಚೆನ್ನಾಗಿದೆ, ಹೃದಯ ಚೆನ್ನಾಗಿದೆ. ಆದರೆ ಫುಲ್ ಗ್ರೌಂಡ್ ನಿಮ್ಮ ತೊಡೆಯಿಂದ ಕೇಳುವ ಒಂದು ಕೆಲಸವನ್ನು ಆ ತೊಡೆ ತಿಂಗಳುಗಟ್ಟಲೆ ಮಾಡಿಯೇ ಇಲ್ಲ. ಅದು ಪೂರ್ತಿ ವೇಗದ ಓಟ. ನಾನು ಇಲ್ಲಿ ಹೇಳಬೇಕಾಗಿರುವುದು ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಶೂ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಒಳಾಂಗಣದ ಮರದ ನೆಲಕ್ಕೆ ಚಪ್ಪಟೆ ತಳ. ಟರ್ಫ್‌ಗೆ ಚಿಕ್ಕ ಚಿಕ್ಕ ರಬ್ಬರ್ ಗುಬಟಿನ ತಳ. ಹುಲ್ಲಿನ ಗ್ರೌಂಡ್‌ಗೆ ಸ್ಟಡ್, ಅಂದರೆ ನೆಲಕ್ಕೆ ಕಚ್ಚುವ ಉದ್ದ ಗುಬಟು. ಹುಲ್ಲಿನ ಸ್ಟಡ್ ಹಾಕಿಕೊಂಡು ಟರ್ಫ್‌ಗೆ ಇಳಿಯಬೇಡಿ. ಪಾದ ಅಲ್ಲೇ ಸಿಕ್ಕಿಹಾಕಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿಗೆ ಕಷ್ಟ. ಮುಗೀತು. ಶೂ ಮಾತು ಬಂದಾಗೆಲ್ಲ ಬೆಂಗಳೂರಿನ ಆಸ್ಟಿನ್ ಟೌನ್ ಕಡೆಯ ಹಳಬರು 1948ರ ಲಂಡನ್ ಒಲಿಂಪಿಕ್ಸ್ ತೆಗೆಯುತ್ತಾರೆ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದದ್ದು ಇದೇ ಊರಿನ ರಾಮನ್. ಕೇಳೋಕೆ ಖುಷಿಯಾಗುತ್ತದೆ. ಆದರೆ ಹನ್ನೊಂದು ಸಾವಿರದ ಶೂ ಕೊಂಡು ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹರಿದುಕೊಂಡವರನ್ನೂ ನೋಡಿದ್ದೇನೆ. ಶೂ ಆ ಕೆಲಸ ಮಾಡಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಂತರರಾಷ್ಟ್ರೀಯ ಪಂದ್ಯಗಳ ಗ್ರೌಂಡ್ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಅದನ್ನು 22 ಜನರಿಗೆ ಹಂಚಿದರೆ ತಲೆಗೆ ಸುಮಾರು 325 ಚದರ ಮೀಟರ್. ಫುಟ್ಸಾಲ್ (ಐದೈದು ಜನರ ಒಳಾಂಗಣ ಫುಟ್‌ಬಾಲ್) ಅಂಕಣ ಸುಮಾರು 40 ಬೈ 20, ಆಡುವವರು 10 ಜನ, ತಲೆಗೆ 80. ಈ ಆಟ ಹುಟ್ಟಿದ್ದೇ ಅಂಥ ಜಾಗದಲ್ಲಿ ಅಲ್ವಾ, 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದ ವೈಎಂಸಿಎಯಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ಬಾಸ್ಕೆಟ್‌ಬಾಲ್ ಅಂಕಣದಷ್ಟು ಜಾಗದಲ್ಲಿ ಹುಡುಗರನ್ನು ಆಡಿಸಲು ಶುರು ಮಾಡಿದ್ದು. ನಮ್ಮ ಊರಿನ ಎಷ್ಟೋ ಟರ್ಫ್‌ಗಳು, ಅದರಲ್ಲೂ ಬಿಲ್ಡಿಂಗ್ ತಾರಸಿ ಮೇಲಿರುವವು, ಫುಟ್ಸಾಲ್ ಅಂಕಣಕ್ಕಿಂತಲೂ ಚಿಕ್ಕವು.

ಮೂವತ್ತು ಮೀಟರ್ ಉದ್ದದ ಟರ್ಫ್ ಅಂತಿಟ್ಟುಕೊಳ್ಳಿ. ನೀವು ಓಟ ಶುರು ಮಾಡುವುದು ಗೋಲ್ ಗೆರೆಯಿಂದಲ್ಲ, ಎಲ್ಲೋ ನಡುವಿನಿಂದ. ಹತ್ತು ಮೀಟರ್ ಹೋಗುವಷ್ಟರಲ್ಲಿ ಎದುರಿಗೆ ಯಾರೋ ಬರುತ್ತಾರೆ, ಇಲ್ಲ ನೆಟ್ ಬರುತ್ತದೆ. ಓಡಿದ್ದಕ್ಕಿಂತ ಬ್ರೇಕ್ ಹಾಕಿದ್ದೇ ಜಾಸ್ತಿ. ಹವ್ಯಾಸಿ ಆಟಗಾರ ತನ್ನ ಪೂರ್ತಿ ವೇಗದ ಹತ್ತಿರ ಬರಬೇಕಾದರೆ ಸುಮಾರು 30 ಮೀಟರ್ ಬೇಕು. ಅಂದರೆ ನೀವು ವರ್ಷಪೂರ್ತಿ ಟರ್ಫ್ ಆಡಿದರೂ ನಿಮ್ಮ ಟಾಪ್ ಸ್ಪೀಡ್ ಎಷ್ಟು ಅಂತ ನಿಮಗೇ ಗೊತ್ತಿರುವುದಿಲ್ಲ. ಭಾನುವಾರ ಆ ಉದ್ದನೆ ಪಾಸ್ ಬಿದ್ದಾಗ ಮೊದಲ ಸಲ ಗೊತ್ತಾಗುತ್ತದೆ, ಅದೂ ಎದುರಾಳಿ ಪಕ್ಕದಲ್ಲೇ ಓಡುತ್ತಿರುವಾಗ.

"ಆದ್ರೆ ಟರ್ಫ್‌ನಲ್ಲಿ ಪ್ರಾಣ ಹೋಗೋ ಹಾಗೆ ಸುಸ್ತಾಗುತ್ತಲ್ಲ?" ಆಗುತ್ತದೆ. ಸುಸ್ತಾಗುವುದು ಬೇರೆ, ವೇಗ ಬೇರೆ. ನಾನು ಜನಕ್ಕೆ ಅರ್ಥ ಮಾಡಿಸಲು ಸೋಲುವುದು ಇಲ್ಲೇ. ಪೂರ್ತಿ ವೇಗದಲ್ಲಿ ಓಡುವಾಗ ಕಾಲು ಮುಂದಕ್ಕೆ ಬೀಸುತ್ತದೆ, ಮಂಡಿ ಬಿಚ್ಚಿಕೊಳ್ಳುತ್ತದೆ. ಪಾದ ನೆಲ ಮುಟ್ಟುವ ಸ್ವಲ್ಪ ಮುಂಚೆ ಆ ಬೀಸನ್ನು ಹಿಡಿದು ನಿಲ್ಲಿಸುವುದು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂದಿನ ಸ್ನಾಯುಗಳು. ಅವು ಉದ್ದವಾಗುತ್ತಲೇ ಬಲ ಹಾಕಬೇಕು. ವೇಗ ಶೇಕಡಾ 80ರಿಂದ 100ಕ್ಕೆ ಏರಿದರೆ ಈ ಹಿಡಿಯುವ ಕೆಲಸ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ಟರ್ಫ್‌ನಲ್ಲಿ ನೀವು ಸೊಂಟ ತಗ್ಗಿಸಿ, ಮಂಡಿ ಬಗ್ಗಿಸಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಆಡುತ್ತೀರಿ. ತೊಡೆಯ ಮುಂಭಾಗ, ತೊಡೆಸಂದು, ಮೀನಖಂಡ ಚೆನ್ನಾಗಿ ದುಡಿಯುತ್ತವೆ. ಹಿಂದಿನ ಸ್ನಾಯುಗಳಿಗೆ ಅಷ್ಟು ಉದ್ದವಾಗಿ, ಅಷ್ಟು ಬೇಗ ಬಲ ಹಾಕುವ ಪ್ರಸಂಗವೇ ಬರುವುದಿಲ್ಲ. ವರ್ಷಗಟ್ಟಲೆ ಸಿಟಿ ಟ್ರಾಫಿಕ್‌ನಲ್ಲೇ ಓಡಿಸಿದ ಸ್ಕೂಟರನ್ನು ಒಂದು ದಿನ ದಿಢೀರಂತ ಮೈಸೂರು ಹೈವೇಗೆ ಹತ್ತಿಸಿದ ಹಾಗೆ.

ಕೆಲವರಿಗೆ ಬೇರೆ ಕಾರಣಗಳೂ ಇರುತ್ತವೆ. ಹಳೆಯ ಪೆಟ್ಟು, ನಿದ್ದೆ ಇಲ್ಲದಿರುವುದು, ಸೊಂಟದ ನರದ ತೊಂದರೆ. ಮುಟ್ಟಿ ನೋಡದೆ ಹೇಳುವುದು ಸರಿಯಲ್ಲ. ಆದರೆ ಟರ್ಫ್‌ನಿಂದ ನೇರವಾಗಿ ಫುಲ್ ಗ್ರೌಂಡ್‌ಗೆ ಹೋಗಿ ಪೆಟ್ಟು ಮಾಡಿಕೊಂಡವರಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ.

"ಸ್ಟ್ರೆಚ್ ಮಾಡಿದ್ದೆ ಡಾಕ್ಟ್ರೇ" ಅನ್ನುವವರಿಗೂ ಒಂದು ಮಾತು. ಗೋಲ್ ಪೋಸ್ಟ್ ಹಿಡ್ಕೊಂಡು ಕಾಲು ಎಳೆದು ಮಾಡಿದ ಆ ಮೂವತ್ತು ಸೆಕೆಂಡಿನ ಸ್ಟ್ರೆಚ್ ನಿಮ್ಮನ್ನು ಓಟಕ್ಕೆ ತಯಾರು ಮಾಡುವುದಿಲ್ಲ. ಓಟಕ್ಕೆ ತಯಾರು ಮಾಡುವುದು ಓಟ. ಫಿಫಾ 11 ಪ್ಲಸ್ ಅಂತ ಒಂದು ವಾರ್ಮಪ್ ಇದೆ, ಸುಮಾರು 20 ನಿಮಿಷದ್ದು, ಹುಡುಕಿದರೆ ಪುಕ್ಕಟೆ ಸಿಗುತ್ತದೆ, ನಿಯಮಿತವಾಗಿ ಮಾಡಿದ ತಂಡಗಳಲ್ಲಿ ಪೆಟ್ಟು ಕಡಿಮೆಯಾದದ್ದು ಸಂಶೋಧನೆಗಳಲ್ಲಿ ಕಂಡಿದೆ. ಆದರೆ ಪಾರ್ಕಿಂಗ್ ಹುಡುಕಿ ಕಿಕ್ ಆಫ್‌ಗೆ ಐದು ನಿಮಿಷ ಇದ್ದಾಗ ಬರುವವರಿಗೆ 20 ನಿಮಿಷ ಎಲ್ಲಿಂದ ತರೋದು?

ಹಾಗಾದರೆ ಏನು ಮಾಡಬೇಕು? ಟೂರ್ನಮೆಂಟ್‌ಗೆ ಐದಾರು ವಾರ ಮುಂಚೆ ಓಡಲು ಶುರು ಮಾಡಿ. ಜಾಗಿಂಗ್ ಅಲ್ಲ, ಲಾಲ್‌ಬಾಗ್‌ನಲ್ಲಿ ಐದು ಕಿಲೋಮೀಟರ್ ಕೂಡ ಅಲ್ಲ. 40 ಮೀಟರ್ ನೇರ ಓಟ, ಆಮೇಲೆ ನಿಧಾನವಾಗಿ ನಿಲ್ಲಲು ಇನ್ನೊಂದು 15 ಮೀಟರ್. ಮೊದಲ ವಾರ ಮೈ ಬೆಚ್ಚಗಾದ ಮೇಲೆ ನಾಲ್ಕು ಓಟ, ನಿಮ್ಮ ವೇಗದ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೇಡ. ಪ್ರತಿ ಓಟದ ನಂತರ ನಡೆದುಕೊಂಡು ವಾಪಸ್ ಬಂದು, ಉಸಿರು ಪೂರ್ತಿ ಸರಿಹೋಗುವವರೆಗೆ ಸುಮ್ನೆ ನಿಲ್ಲಿ. ಐಟಿಯವರಿಗೆ ಈ ಸುಮ್ನೆ ನಿಲ್ಲುವುದು ಬಹಳ ಕಷ್ಟ, ಸಮಯ ವ್ಯರ್ಥ ಅನ್ನಿಸುತ್ತದಂತೆ. ಸುಸ್ತಲ್ಲಿ ಓಡಿದರೆ ವೇಗ ಬರುವುದಿಲ್ಲ, ವೇಗ ಬರದಿದ್ದರೆ ಮಾಡಿ ಉಪಯೋಗವಿಲ್ಲ. ಮುಂದಿನ ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಕೊನೆಗೆ ಶೇಕಡಾ 90ರ ಮೇಲೆ ಹೋಗಿ, ಆಮೇಲೆ ವಾರಕ್ಕೊಮ್ಮೆಯಾದರೂ ಅದನ್ನು ಬಿಡಬೇಡಿ. ಪಂದ್ಯದ ಹಿಂದಿನ ದಿನ ಬೇಡ. ಭಾನುವಾರ ಆಟ ಇದ್ದರೆ ಗುರುವಾರ ಓಡಿ, ಆ ವಾರದ ಟರ್ಫ್ ಸ್ಲಾಟ್ ಮಂಗಳವಾರಕ್ಕೆ ಹಾಕಿಕೊಳ್ಳಿ.

ಜಾಗ ಎಲ್ಲಿ ಅಂತ ಕೇಳುತ್ತೀರಿ. ನಿಜ, ಬೆಂಗಳೂರಿನಲ್ಲಿ 55 ಮೀಟರ್ ನೇರ ಜಾಗ ಸಿಗುವುದು ಸುಲಭವಲ್ಲ. ವಾರದ ದಿನ ಬೆಳಿಗ್ಗೆ ಆರಕ್ಕೆ ಬಡಾವಣೆಯ ಆಟದ ಮೈದಾನಕ್ಕೆ ಹೋಗಿ ನೋಡಿ, ಕ್ರಿಕೆಟ್‌ನವರು ಬರುವ ಮುಂಚೆ. ಟಾರ್ ರಸ್ತೆ ಮೇಲೆ ಬೇಡ.

ಇದರ ಜೊತೆ ನಾರ್ಡಿಕ್ ವ್ಯಾಯಾಮ. ಮಂಡಿಯೂರಿ ಕೂತು, ಹಿಮ್ಮಡಿಯನ್ನು ಯಾರಾದರೂ ಒತ್ತಿ ಹಿಡಿಯಬೇಕು, ಬೆನ್ನು ನೆಟ್ಟಗಿಟ್ಟುಕೊಂಡು ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತಾ ಹೋಗಿ ಕೊನೆಗೆ ಕೈ ಊರುವುದು. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪೆಟ್ಟು ಸುಮಾರು ಅರ್ಧಕ್ಕೆ ಇಳಿದಿದೆ ಅಂತ ಅಧ್ಯಯನಗಳು ಹೇಳುತ್ತವೆ. ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸಲ, ಸಾಕು. ಎರಡು ದಿನ ತೊಡೆ ನೋಯುತ್ತದೆ, ಟಾಯ್ಲೆಟ್‌ನಲ್ಲಿ ಕೂರುವಾಗ ನನ್ನನ್ನು ಬೈದುಕೊಳ್ಳುತ್ತೀರಿ. ಆ ನೋವಿಗೆ ಹೆದರಿ ಬಿಟ್ಟುಬಿಡುವವರೇ ಜಾಸ್ತಿ.

ಉಲ್ಟಾ ದಾರಿಯವರೂ ಬರುತ್ತಾರೆ. ನನಗೆ ಬಹಳ ಇಷ್ಟವಾದ ಒಬ್ಬರಿದ್ದಾರೆ, ಐವತ್ತು ದಾಟಿದವರು, ಒಂದು ಕಾಲದಲ್ಲಿ ಜಿಲ್ಲಾ ಲೀಗ್ ಆಡಿದವರು, ಕೆಂಪು ಮಣ್ಣಿನ ಗ್ರೌಂಡ್‌ನಲ್ಲಿ ಬೆಳೆದವರು. ಮಗನ ಜೊತೆ ಒಳಾಂಗಣದಲ್ಲಿ ಫುಟ್ಸಾಲ್ ಆಡಲು ಹೋಗಿ ತೊಡೆಸಂದು ಹಿಡಿದುಕೊಂಡು ಬಂದರು. ನೋವಿಗಿಂತ ಸಿಟ್ಟು ಜಾಸ್ತಿ ಇತ್ತು. "ಅದು ಬಾಲೇ ಅಲ್ಲ ಕಣಪ್ಪ, ಪುಟಿಯೋದೇ ಇಲ್ಲ!" ಅವರ ತಪ್ಪಿಲ್ಲ. ಫುಟ್ಸಾಲ್ ಚೆಂಡು ನಾಲ್ಕನೇ ಸೈಜಿನದು, ಎರಡು ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50ರಿಂದ 65 ಸೆಂಟಿಮೀಟರ್ ಮಾತ್ರ ಇರಬೇಕು ಅಂತ ನಿಯಮವೇ ಇದೆ. ಗ್ರೌಂಡ್‌ನವರು ಚೆಂಡು ಏಳುತ್ತದೆ ಅಂತ ಪಾದ ಎತ್ತುತ್ತಾರೆ, ಅದು ಕೆಳಗೇ ನುಸುಳಿ ಹೋಗುತ್ತದೆ, ತಿರುಗಿ ಹಿಡಿಯಲು ಹೋಗಿ ತೊಡೆಸಂದು ಎಳೆಯುತ್ತದೆ. ಅಲ್ಲಿ ಪಾದದ ಅಡಿಯಿಂದ ಚೆಂಡು ಒತ್ತಿ ನಿಲ್ಲಿಸುವುದನ್ನು ಕಲಿಯಬೇಕು. ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಒದ್ದು ಒಳಕ್ಕೆ ಕಳಿಸುವ ಕಿಕ್ ಇನ್‌ಗೆ ನಾಲ್ಕೇ ಸೆಕೆಂಡು, ಸೊಂಟದ ಮೇಲೆ ಕೈ ಇಟ್ಟುಕೊಂಡು ಯಾರಿಗೆ ಕೊಡಲಿ ಅಂತ ನೋಡಲು ಪುರುಸೊತ್ತಿಲ್ಲ. ಅವರಿಗೆ ನಾನು ಹೇಳಿದ್ದು ಇಷ್ಟು: ಫುಟ್ಸಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು, ಮೊದಲ ಕೆಲವು ವಾರ ಮೂರು ನಿಮಿಷ ಆಡಿ, ಹೊರಗೆ ಬಂದು ಕೂತ್ಕೊಳ್ಳಿ, ಮತ್ತೆ ಹೋಗಿ. ಮಗನ ಮುಂದೆ ಹೊರಗೆ ಬರೋದಾ? ಬರಲಿಲ್ಲ. ಇನ್ನೊಮ್ಮೆ ನನ್ನ ಹತ್ತಿರ ಬಂದರು.

ಪೆಟ್ಟಾದವರಿಗೆ: ಮೊದಲ ಕೆಲವು ದಿನ ಎಣ್ಣೆ ಹಚ್ಚಿ ನೀವಿಸಿಕೊಳ್ಳಬೇಡಿ, ಬಿಸಿ ಶಾಖ ಬೇಡ. ನಾಲ್ಕು ಹೆಜ್ಜೆ ನಡೆಯಲೂ ಆಗದಿದ್ದರೆ, ತೊಡೆ ಹಿಂದೆ ನೀಲಿ ಹರಡುತ್ತಾ ಹೋದರೆ, ಕುಂಡಿ ಮೂಳೆಯ ಹತ್ತಿರವೇ ಕಿತ್ತು ಬಂದ ಹಾಗಾದರೆ, ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಮಂಡಿ ತಿರುಚಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ.

ಎರಡು ವಾರದ ನಂತರ ಒಂದು ಮೆಸೇಜ್ ಬರುತ್ತದೆ, ಪ್ರತಿ ಸಲವೂ. "ಟರ್ಫ್ ಆಡಿ ನೋಡಿದೆ, ಒಂಚೂರೂ ನೋವಿಲ್ಲ, ಈ ಭಾನುವಾರ ಇಳಿಯಲಾ?" ಇಷ್ಟು ಹೊತ್ತು ನಾನು ಹೇಳಿದ್ದು ಏನು? ಟರ್ಫ್ ಆ ಸ್ನಾಯುವಿಗೆ ಪರೀಕ್ಷೆಯನ್ನೇ ಇಡುವುದಿಲ್ಲ, ಅಲ್ಲಿ ನೋಯದಿದ್ದರೆ ಫುಲ್ ಗ್ರೌಂಡ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನೋವು ಹೋಗುವುದು ಬೇಗ, ಸ್ನಾಯು ಕೂಡುವುದು ತಡ, ಒಮ್ಮೆ ಹರಿದಲ್ಲೇ ಮತ್ತೆ ಹರಿಯುವುದು ಈ ಪೆಟ್ಟಿನಲ್ಲಿ ಮಾಮೂಲು. ನಾನು ಕೇಳುವುದು ಒಂದೇ, ಹಂತ ಹಂತವಾಗಿ ಏರಿಸಿಕೊಂಡು ಬಂದು, 40 ಮೀಟರ್ ಓಟವನ್ನು ಶೇಕಡಾ 90ರ ವೇಗದಲ್ಲಿ ಎರಡು ಬೇರೆ ಬೇರೆ ದಿನ ಓಡಿ, ಮಾರನೇ ದಿನ ತೊಡೆ ಹೇಗಿದೆ ಅಂತ ಹೇಳಿ. ಅಲ್ಲಿಯವರೆಗೆ ಮಂಗಳವಾರದ ಟರ್ಫ್ ಆಡುತ್ತಿರಿ, ಬೇಡ ಅನ್ನಲ್ಲ. ಭಾನುವಾರದ ಪಟ್ಟಿಗೆ ಹೆಸರು ಹಾಕುವ ಮುಂಚೆ ಮಾತ್ರ ಒಂದು ಫೋನ್ ಮಾಡಿ.