ಅಂಚೆಪೆಟ್ಟಿಗೆಯ ಮೇಲೆ ಯಾರ ಹೆಸರು?

ಜರ್ಮನಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ ಹೊರಟವರಿಗೆ ಸಲಹೆ ನೀಡುವ ನನ್ನ ಕೆಲಸದಲ್ಲಿ ಪೋಷಕರು ಮೊದಲು ವಿಚಾರಿಸುವುದು ಖರ್ಚಿನ ಬಗ್ಗೆ. ನಾನು ಮೊದಲು ಕೇಳುವುದು ಮಾತ್ರ ಪಾಸ್‌ಪೋರ್ಟಿನಲ್ಲಿ ಮಗನ ಅಥವಾ ಮಗಳ ಹೆಸರು ಹೇಗೆ ಅಚ್ಚಾಗಿದೆ ಎಂಬುದನ್ನು. ಇದೇನು ಕ್ಷುಲ್ಲಕ ಪ್ರಶ್ನೆ ಎಂಬಂತೆ ಮುಖ ನೋಡುವವರೇ ಹೆಚ್ಚು.

ಧಾರವಾಡ, ಬೆಳಗಾವಿ ಕಡೆಯವರಿಗೆ ಬಹುಮಟ್ಟಿಗೆ ಅಡ್ಡಹೆಸರು ಇರುವುದರಿಂದ ಈ ತಾಪತ್ರಯ ಕಡಿಮೆ. ಹಳೆ ಮೈಸೂರು ಭಾಗದ ಮಕ್ಕಳಿಗೆ ಇರುವುದು ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದು ಹೆಸರಿನ ಹಿಂದೆ, ಪದವಿಯ ಅಂಕಪಟ್ಟಿಯಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಕೆಲವೊಮ್ಮೆ ಬಿಡಿಸಿ ಬರೆದದ್ದು, ಕೆಲವೊಮ್ಮೆ ಸರ್‌ನೇಮ್ ಕಾಲಮ್ಮೇ ಖಾಲಿ. ಭಾರತೀಯ ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ನೀಡುವ ಎಪಿಎಸ್ ಪ್ರಮಾಣಪತ್ರವನ್ನು 2022ರ ನವೆಂಬರ್‌ನಿಂದ ಜರ್ಮನಿ ಕಡ್ಡಾಯಗೊಳಿಸಿದ ಮೇಲೆ ಈ ವ್ಯತ್ಯಾಸಗಳು ಇಲ್ಲಿಯೇ, ವೀಸಾಕ್ಕೂ ಮೊದಲೇ, ಬಯಲಾಗತೊಡಗಿವೆ. ಅಫಿಡವಿಟ್ ಮಾಡಿಸಿಕೊಂಡು ಈ ಹಂತ ದಾಟಿದವರು ಇನ್ನು ತೊಂದರೆಯಿಲ್ಲ ಎಂದುಕೊಳ್ಳುತ್ತಾರೆ. ನಿಜವಾದ ಪರದಾಟ ಶುರುವಾಗುವುದು ಅಲ್ಲಿಗೆ ಹೋಗಿ ಇಳಿದ ಮೇಲೆ.

ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಅಲ್ಲಿ 'ಅನ್‌ಮೆಲ್ಡುಂಗ್' ಎನ್ನುತ್ತಾರೆ. ಮನೆ ಕೊಟ್ಟವರ ಸಹಿಯಿರುವ ದೃಢೀಕರಣ ಪತ್ರವಿಲ್ಲದೆ ನೋಂದಣಿಯಾಗದು. ಬಾಡಿಗೆ ಸ್ವಲ್ಪ ಕಡಿಮೆಯೆಂದು, ಈ ಪತ್ರ ಕೊಡಲೊಪ್ಪದವರ ಕೋಣೆಗೆ ಮುಂಗಡ ಕಟ್ಟಿ ಕುಳಿತವರನ್ನು ಪ್ರತಿ ವರ್ಷವೂ ಕಾಣುತ್ತೇನೆ. ನೋಂದಣಿಯಾದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕಿನ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ. ಆರೋಗ್ಯ ವಿಮೆಯ ಕಾಗದವೂ ಅಂಚೆಯಲ್ಲೇ. ವೀಸಾಕ್ಕಾಗಿ, ಒಮ್ಮೆಲೇ ಹಣ ತೆಗೆಯಲು ಬಿಡದ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ ಹಣ, ಅಂದರೆ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ತಿಂಗಳಿಗೆ 992ರಂತೆ ಕೈಗೆ ಬರಬೇಕಾದರೆ ಚಾಲ್ತಿಯಲ್ಲಿರುವ ಇನ್ನೊಂದು ಖಾತೆ ಇರಬೇಕು. ಹೀಗೆ ಎಲ್ಲವೂ ಒಂದು ತಗಡಿನ ಪೆಟ್ಟಿಗೆಗೆ ಬಂದು ನಿಲ್ಲುತ್ತದೆ.

ಆ ಪೆಟ್ಟಿಗೆಯ ಬಗ್ಗೆ ಇಲ್ಲಿ ಯಾರೂ ಹೇಳಿಕೊಡುವುದಿಲ್ಲ. ಜರ್ಮನಿಯ ವಸತಿ ಕಟ್ಟಡಗಳ ವಿಳಾಸದಲ್ಲಿ ನಮ್ಮ ಅಪಾರ್ಟ್‌ಮೆಂಟುಗಳಂತೆ ಮನೆ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾನೆ. ಹೆಸರು ಕಾಣದಿದ್ದರೆ ಪತ್ರ ಕಳಿಸಿದವರಿಗೇ ಹಿಂದಿರುಗುತ್ತದೆ.

ಆಖೆನ್ ನಗರಕ್ಕೆ ಹೋದ ಹಾಸನ ಜಿಲ್ಲೆಯ ಹುಡುಗನೊಬ್ಬ ಆರು ವಾರವಾದರೂ ಒಂದು ಕಾಗದವೂ ಬರಲಿಲ್ಲವೆಂದು ಫೋನ್ ಮಾಡಿದ. ಪೆಟ್ಟಿಗೆಯ ಫೋಟೊ ಕಳಿಸಲು ಹೇಳಿದೆ. ಅದರ ಮೇಲೆ ಹಿಂದಿನ ಬಾಡಿಗೆದಾರನ ಹೆಸರಿನ ಪಕ್ಕದಲ್ಲಿ, ಸ್ನೇಹಿತರೆಲ್ಲ ಕರೆಯುವ ಅವನ ಮೂರಕ್ಷರದ ಹೆಸರನ್ನು ಬಾಲ್‌ಪೆನ್ನಿನಲ್ಲಿ ಬರೆದು ಅಂಟಿಸಿತ್ತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲದ್ದರಿಂದ ಬ್ಯಾಂಕಿನವರು ತಂದೆಯ ಹೆಸರನ್ನೂ ನಗರ ಕಚೇರಿಯವರು ಪೂರ್ತಿ ಹೆಸರನ್ನೂ ಕುಲನಾಮವೆಂದು ದಾಖಲಿಸಿಕೊಂಡಿದ್ದರು. ಪೆಟ್ಟಿಗೆಯ ಮೇಲೆ ಇವೆರಡೂ ಇರಲಿಲ್ಲ. ಅಂದೇ ಎರಡು ರೂಪಗಳನ್ನೂ ಅಚ್ಚಕ್ಷರದಲ್ಲಿ ಬರೆದು ಹಚ್ಚಿಸಿದೆವು. ಬ್ಯಾಂಕಿನ ಕಾಗದ ವಾರದೊಳಗೆ ಬಂದಿತಾದರೂ, ವೀಸಾ ಮುಗಿದ ಮೇಲೂ ಅಲ್ಲಿರಲು ಬೇಕಾದ ವಾಸ ಪರವಾನಗಿಯ ಸಂದರ್ಶನಕ್ಕೆ ಕರೆದ ಪತ್ರ ಅಷ್ಟರಲ್ಲಿ ವಾಪಸಾಗಿ ಅವನ ಸರದಿ ತಪ್ಪಿಹೋಗಿತ್ತು.

ಈ ಪರವಾನಗಿಯಿದ್ದರೆ 180 ದಿನಗಳಲ್ಲಿ 90 ದಿನದವರೆಗೆ ಒಳಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ಇತರ ದೇಶಗಳನ್ನು ಬೇರೆ ವೀಸಾ ಇಲ್ಲದೆ ಸುತ್ತಬಹುದು. ಜರ್ಮನಿ ಸೇರುವ ಅರ್ಧ ಉತ್ಸಾಹ ಇದರದ್ದೇ ಎಂದು ಹಲವರು ನಗುತ್ತಲೇ ಒಪ್ಪಿಕೊಂಡಿದ್ದಾರೆ, ಅದರಲ್ಲಿ ತಪ್ಪೇನಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಜೊತೆಗಾರರು ಬ್ರಸೆಲ್ಸ್, ಪ್ಯಾರಿಸ್ ಎಂದು ಹೊರಟಾಗ ವೀಸಾ ಅವಧಿ ಮುಗಿದು ಪರವಾನಗಿಯ ಕಾರ್ಡ್ ಇನ್ನೂ ಬಾರದ ಈ ಹುಡುಗ ಗಡಿ ದಾಟುವ ಧೈರ್ಯ ಮಾಡಲಿಲ್ಲ.

ಆದ್ದರಿಂದ ಪ್ರವೇಶಕ್ಕೆ ಅರ್ಜಿ ಹಾಕುವುದಕ್ಕೂ ಮೊದಲೇ ಪಾಸ್‌ಪೋರ್ಟಿನ ಸರ್‌ನೇಮ್ ಕಾಲಮ್ ತುಂಬಿಸಿ ಮರುವಿತರಣೆ ಪಡೆಯಿರಿ ಎಂದು ನಾನು ಒತ್ತಾಯಿಸುತ್ತೇನೆ. ಪ್ರವೇಶಪತ್ರ, ವಿಮೆ, ಬ್ಲಾಕ್ಡ್ ಅಕೌಂಟ್, ವಿಮಾನದ ಟಿಕೆಟ್ ಎಲ್ಲದರಲ್ಲೂ ಅದೇ ರೂಪ ಇರಲಿ. ಬಾಡಿಗೆ ಕೋಣೆಯ ಬೀಗದ ಕೈ ಪಡೆದ ದಿನವೇ, ಊರಿಗೆ ವಿಡಿಯೊ ಕಾಲ್ ಮಾಡುವುದಕ್ಕೂ ಮುಂಚೆ, ಪೆಟ್ಟಿಗೆಗೂ ಕರೆಗಂಟೆಗೂ ಆ ಹೆಸರನ್ನು ಅಂಟಿಸಬೇಕು.

ಹಾಸನದ ಹುಡುಗನ ಕಾರ್ಡ್ ಫೆಬ್ರುವರಿಯಲ್ಲಿ ಬಂತು. ಆ ಸಂಜೆಯೇ ಸಿಟಿ ಬಸ್ ಹತ್ತಿ, ಆಖೆನ್‌ಗೆ ಅಂಟಿಕೊಂಡಂತಿರುವ ನೆದರ್ಲೆಂಡ್ಸ್‌ನ ವಾಲ್ಸ್ ಊರಿಗೆ ಹೋಗಿ ಕಾಫಿ ಕುಡಿದು ಬಂದನಂತೆ.