ಜೈಲು ತೋರಿಸಿದರೆ ಹುಡುಗ ಸರಿಹೋಗ್ತಾನಾ?

ಊಟ ಮಾಡದ ಮಗುವಿಗೆ ‘ಪೊಲೀಸ್ ಬರ್ತಾನೆ ನೋಡು’ ಅಂತ ಹೆದರಿಸದ ಮನೆ ಕಡಿಮೆ, ಅಲ್ವಾ? ಅಮೆರಿಕದಲ್ಲಿ ಇದೇ ಉಪಾಯವನ್ನು ಜೈಲಿನೊಳಗೇ ಮಾಡಿ ನೋಡಿದರು. 1976ರಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನ ಜೀವಾವಧಿ ಕೈದಿಗಳೇ ಶುರುಮಾಡಿದ್ದು. ದಾರಿ ತಪ್ಪುತ್ತಿದ್ದ ಹುಡುಗರನ್ನು ಕರೆಸಿ ಕೂರಿಸುವುದು. ಮುಖದ ಹತ್ತಿರ ಬಂದು ಕಿರುಚುವುದು, ಬಾಯಿಗೆ ಬಂದಂತೆ ಬೈಯುವುದು, ಒಳಗೆ ಬಂದರೆ ನಿಮ್ಮ ಗತಿ ಏನು ಅಂತ ಬಿಡಿಸಿ ಹೇಳುವುದು. ಉದ್ದೇಶ ಒಳ್ಳೆಯದೇ. 17 ಹುಡುಗ ಹುಡುಗಿಯರ ಇಂಥ ಒಂದು ಭೇಟಿಯ ಮೇಲೆ 1978ರಲ್ಲಿ ಡಾಕ್ಯುಮೆಂಟರಿ ಬಂತು, ಆಸ್ಕರ್ ಕೂಡ ಗೆದ್ದಿತು. ಬೇರೆ ರಾಜ್ಯಗಳೂ ನಕಲು ಮಾಡಿದವು.

ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನಾವರ್ ಲೆಕ್ಕ ಹಾಕಲು ಕೂತರು. ಜೈಲು ನೋಡಿ ಬಂದ 46 ಮಕ್ಕಳು ಒಂದು ಕಡೆ, ನೋಡದ 35 ಮಕ್ಕಳು ಇನ್ನೊಂದು ಕಡೆ. ಆರು ತಿಂಗಳಲ್ಲಿ ನೋಡದವರ ಪೈಕಿ ಶೇ 11ರಷ್ಟು ಮಂದಿ ಮತ್ತೆ ತಪ್ಪು ಮಾಡಿದ್ದರು. ನೋಡಿ ಬಂದವರಲ್ಲಿ ಶೇ 41! ಚಿಕ್ಕ ಅಧ್ಯಯನ, ಬಿಡಿ ಅನ್ನಬಹುದು. ಆದರೆ ಆಮೇಲೆ ಇಂಥ 9 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಅದೇ ಕಥೆ. ಸುಮ್ನೆ ಬಿಟ್ಟಿದ್ದರೇ ವಾಸಿ ಇತ್ತು.

ನನಗನ್ನಿಸುವುದು ಇಷ್ಟು: ಹದಿನಾರರ ಹುಡುಗನಿಗೆ ಗೆಳೆಯರ ಮುಂದೆ ಹೆದರುವುದೇ ದೊಡ್ಡ ಅವಮಾನ. ಹೆದರಿಲ್ಲ ಅಂತ ತೋರಿಸೋಕೆ ಇನ್ನೊಂದು ಕಳ್ಳತನ ಸಾಕು.

ಕೆನಡಾದ ಮನಶ್ಶಾಸ್ತ್ರಜ್ಞರಾದ ಡಾನ್ ಆಂಡ್ರ್ಯೂಸ್, ಜೇಮ್ಸ್ ಬೊಂಟಾ ಮತ್ತು ಜೊತೆಗಾರರು 1990ರಲ್ಲಿ ಬೇರೆ ದಾರಿ ಹೇಳಿದರು. ಮೊದಲು, ಮತ್ತೆ ತಪ್ಪು ಮಾಡುವ ಸಾಧ್ಯತೆ ಯಾರಿಗೆ ಜಾಸ್ತಿ ಅಂತ ಅಳೆಯಿರಿ. ಶ್ರಮವೆಲ್ಲ ಅವರ ಮೇಲೆ ಹಾಕಿ. ಒಂದೇ ಸಲ ಎಡವಿದವನನ್ನು ಪಳಗಿದವರ ಜೊತೆ ಕೂರಿಸಿದರೆ ಅವನೂ ಕೆಡಬಹುದು. ಸಹವಾಸ ದೋಷ ಅಂತ ನಮ್ಮಲ್ಲಿ ಹೇಳುವುದು ಇದನ್ನೇ. ಎರಡನೆಯದು, ಅವನನ್ನು ಅಲ್ಲಿಗೆ ತಂದದ್ದೇನು ಅಂತ ಹುಡುಕಿ: ಕುಡಿತವಾ, ಗೆಳೆಯರಾ, ಯೋಚಿಸುವ ರೀತಿಯಾ?

ಯೋಚಿಸುವ ರೀತಿ ಅಂದರೆ ಹೀಗೆ. ಬಸ್ಸಿನಲ್ಲಿ ಯಾರೋ ಭುಜಕ್ಕೆ ಡಿಕ್ಕಿ ಹೊಡೆದ. ‘ಬೇಕಂತಲೇ ಮಾಡಿದ’ ಅನ್ನುವುದು ಮೊದಲ ಯೋಚನೆ. ಅಷ್ಟರಲ್ಲೇ ಕೈ ಎದ್ದಿರುತ್ತದೆ. ಥೆರಪಿಸ್ಟ್ ಆ ಸಂದಿಯಲ್ಲಿ ಒಂದು ಪ್ರಶ್ನೆ ತೂರಿಸುತ್ತಾರೆ: ‘ಡ್ರೈವರ್ ಬ್ರೇಕ್ ಹಾಕಿದ್ದಕ್ಕೆ ವಾಲಿರಬಹುದಾ?’ ಇದನ್ನೇ ನಾಟಕದ ಹಾಗೆ ಆಡಿಸುತ್ತಾರೆ. ವಾರಗಟ್ಟಲೆ, ಮತ್ತೆ ಮತ್ತೆ. ಇಂಥ ತರಬೇತಿಯ 58 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಮತ್ತೆ ಅಪರಾಧಕ್ಕಿಳಿಯುವುದು ಸರಾಸರಿ ಕಾಲುಭಾಗ ಕಡಿಮೆಯಾಗಿತ್ತು. ನೋಡೋಕೆ ಮಾತ್ರ ಭಾರೀ ಬೋರು. ಇದರ ಮೇಲೆ ಡಾಕ್ಯುಮೆಂಟರಿ ಮಾಡಿದರೆ ಆಸ್ಕರ್ ಬರಲಿಕ್ಕಿಲ್ಲ.