ಭುಜ ನೋವೆಂದು ಬಂದವಳ ಕಾಲು ನೋಡಿದೆ

ಹೋದ ಬೇಸಿಗೆಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳು ಅಮ್ಮನ ಜೊತೆ ನನ್ನ ಕ್ಲಿನಿಕ್‌ಗೆ ಬಂದಳು. ಬೆಂಗಳೂರಿನ ಒಂದು ಈಜು ಕ್ಲಬ್‌ನಲ್ಲಿ ವಾಟರ್ ಪೋಲೋ ಆಡುತ್ತಾಳೆ, ಅಂದರೆ ಕೊಳದಲ್ಲಿ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ಆಟ. ಎರಡು ತಿಂಗಳಿಂದ ಬಲ ಭುಜದಲ್ಲಿ ನೋವು. ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗುತ್ತಿಲ್ಲ. "ಬಾಲ್ ಎಸೆದು ಎಸೆದೇ ಹೀಗಾಗಿರೋದು ಅಲ್ವಾ ಮೇಡಂ? ಸ್ವಲ್ಪ ದಿನ ಬಿಡಿಸಿಬಿಡೋಣ" ಎಂದರು ಅಮ್ಮ.

ಭುಜ ನೋಡಲು ಐದು ನಿಮಿಷ ಸಾಕಾಯಿತು. ಆಮೇಲೆ ಅವಳನ್ನು ಮಂಚದ ಅಂಚಿಗೆ ಕೂರಿಸಿದೆ. ಮಂಡಿ ಮಡಿಸಿ ಕಾಲು ಇಳಿಬಿಡಲು ಹೇಳಿ, ಪಾದ ಹಿಡಿದು ಹೊರಗಡೆಗೆ ತಿರುಗಿಸಿದೆ. ಎಡಗಾಲು ಸಲೀಸಾಗಿ ಹೋಯಿತು. ಬಲಗಾಲು ಅರ್ಧಕ್ಕೇ ನಿಂತಿತು. ತೊಡೆಯ ಒಳಭಾಗ ಒತ್ತಿದೆ, ಚುಚ್ಚಿದ ಹಾಗೆ ಕಾಲೆಳೆದುಕೊಂಡಳು. ಈ ನೋವು ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಅದು ನಮ್ಮ ಟೀಮಲ್ಲಿ ಎಲ್ಲರಿಗೂ ಇರುತ್ತೆ ಮೇಡಂ" ಎಂದಳು.

ಕ್ರೀಡಾ ಫಿಸಿಯೋಥೆರಪಿಸ್ಟ್ ಆಗಿ ಹದಿನೈದು ವರ್ಷ ಈಜುಕೊಳದ ಮಕ್ಕಳನ್ನು ನೋಡಿದ್ದೇನೆ. ವಾಟರ್ ಪೋಲೋ ಹುಡುಗಿಯರು ಹೆಚ್ಚಾಗಿ ಭುಜ ಹಿಡಿದುಕೊಂಡೇ ಬರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ತೊಂದರೆ ಶುರುವಾಗಿರುವುದು ಸೊಂಟದ ಕೆಳಗೆ.

ಆ ಹುಡುಗಿಯ ಫೋನಿನ ಪರದೆ ಮೇಲೆ ಮ್ಯಾಗಿ ಸ್ಟೆಫೆನ್ಸ್ ಫೋಟೋ ಇತ್ತು. ಅಮೆರಿಕದ ವಾಟರ್ ಪೋಲೋ ತಂಡದ ನಾಯಕಿಯಾಗಿದ್ದವಳು, ಟೋಪಿ ಸಂಖ್ಯೆ 6. ಮೂರು ಒಲಿಂಪಿಕ್ ಚಿನ್ನ ಗೆದ್ದವಳು. ಸರಿ, ಇವಳ ಆಟದಿಂದಲೇ ಶುರು ಮಾಡೋಣ ಅಂದುಕೊಂಡೆ.

2012ರ ಲಂಡನ್ ಒಲಿಂಪಿಕ್ಸ್. ಸ್ಟೆಫೆನ್ಸ್‌ಗೆ ಆಗ 19 ವರ್ಷ. ಅಕ್ಕ ಜೆಸಿಕಾ ಕೂಡ ಅದೇ ತಂಡದಲ್ಲಿದ್ದಳು. ಹಂಗರಿ ಎದುರು ಮೊದಲ ಪಂದ್ಯ. ಸ್ಟೆಫೆನ್ಸ್ ಒಬ್ಬಳೇ ಏಳು ಗೋಲು ಹೊಡೆದಳು. ಅಮೆರಿಕ 14-13ರಿಂದ ಗೆದ್ದಿತು. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 8-5ರ ಗೆಲುವು, ಅದರಲ್ಲಿ ಐದು ಇವಳವು. ಒಟ್ಟು 21 ಗೋಲು ಹೊಡೆದು ಆ ಕೂಟದ ಅತ್ಯುತ್ತಮ ಆಟಗಾರ್ತಿ ಎನಿಸಿಕೊಂಡಳು.

ವಿಡಿಯೋ ನೋಡುವವರ ಕಣ್ಣು ಅವಳ ಬಲಗೈ ಮೇಲೆ ಇರುತ್ತದೆ. ನಾನು ಹುಡುಗಿಗೆ ಹೇಳಿದೆ: "ಕೈ ಬಿಡು. ಎಸೆಯೋ ಮುಂಚೆ ನೀರು ಅವಳ ಮೈಯಲ್ಲಿ ಎಲ್ಲಿಯವರೆಗಿದೆ ನೋಡು." ಎದೆಯ ಕೆಳಗಿದೆ. ಅವಳ ಎತ್ತರ ಸುಮಾರು 173 ಸೆಂ.ಮೀ., ಈ ಆಟದಲ್ಲಿ ಅದು ದೊಡ್ಡ ಎತ್ತರ ಅಲ್ಲ. ಎದುರಿಗೆ ಅವಳಿಗಿಂತ ಉದ್ದದವರು ಕೈಯೆತ್ತಿ ತಡೆಯುತ್ತಿರುತ್ತಾರೆ. ಆ ಗಳಿಗೆಯಲ್ಲಿ ಅವಳನ್ನು ನೀರಿನಿಂದ ಮೇಲಕ್ಕೆ ಎತ್ತುತ್ತಿರುವುದು ಕಾಲು.

ದೊಡ್ಡ ಕೂಟಗಳ ಕೊಳ ಎರಡು ಮೀಟರ್ ಆಳ ಇರುತ್ತದೆ. ತಳಕ್ಕೆ ಕಾಲು ತಾಗಿಸಿ ಆಡುವ ಹಾಗಿಲ್ಲ. ಎಂಟು ನಿಮಿಷದ ನಾಲ್ಕು ಭಾಗ, ನಡುನಡುವೆ ಗಡಿಯಾರ ನಿಲ್ಲುವುದೂ ಸೇರಿ ಒಂದು ಗಂಟೆ ಹತ್ತಿರ ಆಗುತ್ತದೆ. ಅಷ್ಟೂ ಹೊತ್ತು ಈಜುತ್ತಿರಬೇಕು, ಇಲ್ಲವೇ ಇದ್ದಲ್ಲೇ ನೀರು ತುಳಿಯುತ್ತಿರಬೇಕು. ಆ ತುಳಿತಕ್ಕೆ ಎಗ್‌ಬೀಟರ್ ಕಿಕ್ ಅನ್ನುತ್ತಾರೆ. ಹಳ್ಳಿಯಲ್ಲಿ ಬೆಳೆದವರಿಗೆ ಕಡಗೋಲು ನೆನಪಿರುತ್ತದೆ. ಹಗ್ಗ ಎಳೆದಂತೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತುತ್ತದಲ್ಲ, ಇಲ್ಲಿ ಆ ಎರಡು ಸುತ್ತನ್ನು ಎರಡು ಕಾಲು ಹಂಚಿಕೊಂಡಿವೆ. ಕುರ್ಚಿಯಲ್ಲಿ ಕೂತ ಭಂಗಿ, ಮಂಡಿ ಅಗಲ, ಒಂದು ಕಾಲು ಒಂದು ದಿಕ್ಕಿಗೆ ಸುತ್ತಿದರೆ ಇನ್ನೊಂದು ಅದರ ವಿರುದ್ಧಕ್ಕೆ, ಒಂದಾದ ಮೇಲೊಂದು. ನಿಲ್ಲಿಸಿದರೆ ಮುಳುಗುತ್ತೀರಿ.

ಬೌಂಡರಿಯಿಂದ ಚೆಂಡೆಸೆಯುವ ಕ್ರಿಕೆಟಿಗ ಮೊದಲು ನೆಲ ಒದೆಯುತ್ತಾನೆ. ಆ ಬಲ ಕಾಲಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ ಹತ್ತಿ ಕೊನೆಗೆ ಕೈಗೆ ಬರುತ್ತದೆ. ನೀರಲ್ಲಿ ಒದೆಯಲು ನೆಲ ಇಲ್ಲ. ಆ ನೆಲವನ್ನು ಎಗ್‌ಬೀಟರ್ ಕಟ್ಟಿಕೊಡಬೇಕು. ಮೂರನೇ ಭಾಗದ ಹೊತ್ತಿಗೆ ಕಾಲು ಸೋತರೆ ಮೈ ಹತ್ತು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಚೆಂಡು ನೀರಿಗೆ ತಾಗಬಾರದು ಅಂತ ಕೈಯನ್ನು ಇನ್ನೂ ಮೇಲಕ್ಕೆ ಎಳೆಯುತ್ತಾಳೆ. ಸೊಂಟ ತಿರುಗುವುದಿಲ್ಲ. 400 ಗ್ರಾಂಗಿಂತ ಜಾಸ್ತಿ ತೂಕದ ಒದ್ದೆ ಚೆಂಡನ್ನು ಪೂರ್ತಿ ಭುಜದಿಂದಲೇ ದೂಡುತ್ತಾಳೆ. ಗೋಲು ಬೀಳಲೂಬಹುದು. ಆದರೆ ಭುಜದ ಒಳಗಿನ ಸಣ್ಣ ಸ್ನಾಯುಗಳು ಕಾಲಿನ ಕೆಲಸವನ್ನೂ ಮಾಡಿರುತ್ತವೆ. ಹೀಗೆ ತಿಂಗಳುಗಟ್ಟಲೆ ನಡೆದರೆ ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗಲ್ಲ.

ಭುಜಕ್ಕೆ ಬೇರೆ ಕೆಲಸ ಏನೂ ಕಡಿಮೆಯಿಲ್ಲ. ಚೆಂಡು ಕಾಣಬೇಕಲ್ಲ, ಅದಕ್ಕೆ ತಲೆ ನೀರಿನ ಮೇಲಿಟ್ಟೇ ಈಜಬೇಕು. ಎದುರಾಳಿಯನ್ನು ತಡೆಯಲು ಕೈ ಎತ್ತಿ ಹಿಡಿಯಬೇಕು. ಗೋಲಿನ ಮುಂದೆ ಬೆನ್ನು ಕೊಟ್ಟು ನಿಲ್ಲುವ ಸೆಂಟರ್ ಫಾರ್ವರ್ಡ್ ಅಂತೂ ಕಬಡ್ಡಿಯಲ್ಲಿ ಸಿಕ್ಕಿಬಿದ್ದ ರೇಡರ್ ಹಾಗೆ ಆಟ ಪೂರ್ತಿ ಕೊಸರಾಡುತ್ತಿರುತ್ತಾಳೆ. ಆಸ್ಟ್ರೇಲಿಯಾದ ಮಹಿಳಾ ಆಟಗಾರ್ತಿಯರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಎಸೆತಗಳ ನಡುವೆ ಬಿಡುವು ಕಡಿಮೆ ಆದಷ್ಟೂ ಭುಜದ ನೋವು ಜಾಸ್ತಿ ಆಗಿದ್ದು ಕಂಡಿತ್ತು. ಹಾಗಾಗಿ ಕೋಚ್‌ಗಳಿಗೆ ನಾನು ಪದೇ ಪದೇ ಹೇಳುವುದು ಇಷ್ಟೇ: ಎಷ್ಟು ಎಸೆದಳು ಅಂತ ಎಣಿಸುವ ಜೊತೆಗೆ ಎರಡು ಎಸೆತದ ಮಧ್ಯೆ ಎಷ್ಟು ಸೆಕೆಂಡ್ ಬಿಟ್ಟಿರಿ ಅದನ್ನೂ ನೋಡಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಎಷ್ಟೋ ಈಜುಕೊಳಗಳಲ್ಲಿ ಒಂದು ತುದಿ ಎದೆಮಟ್ಟ ಅಷ್ಟೇ. ಅಭ್ಯಾಸದಲ್ಲಿ ಮಕ್ಕಳು ತಮಗೇ ಗೊತ್ತಿಲ್ಲದ ಹಾಗೆ ತಳ ಒದ್ದು ಎಗರಿ ಎಸೆಯುತ್ತಾರೆ. ಆಳದ ಕೊಳದಲ್ಲಿ ಪಂದ್ಯ ಬಂದಾಗ ಒದೆಯಲು ಏನೂ ಸಿಗದೆ ಭುಜಕ್ಕೆ ಪೆಟ್ಟು. ಭಾರತದ ಗಂಡಸರ ತಂಡ 1948, 1952ರ ಒಲಿಂಪಿಕ್ಸ್‌ನಲ್ಲಿ ಆಡಿತ್ತು, 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನವನ್ನೂ ಗೆದ್ದಿತ್ತು. ನಮ್ಮ ಹೆಣ್ಣುಮಕ್ಕಳ ತಂಡ ಇನ್ನೂ ಒಲಿಂಪಿಕ್ಸ್ ಕಂಡಿಲ್ಲ. ಆಳದ ನೀರು ಅವರಿಗೆ ದಿನಾ ಸಿಗಬೇಕು ಎಂದು ನಾನು ಹೇಳುವುದು ಬರೀ ಪದಕದ ಆಸೆಗಲ್ಲ, ಅವರ ಕೀಲುಗಳ ಸಲುವಾಗಿಯೂ ಹೌದು.

ಹೆಣ್ಣುಮಕ್ಕಳಿಗೆ ಈ ಆಟದ ಒಲಿಂಪಿಕ್ ಬಾಗಿಲು ತೆರೆದದ್ದೇ ತಡವಾಗಿ. ಗಂಡಸರು 1900ರಿಂದ ಆಡುತ್ತಿದ್ದರೆ, ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2000ದ ಸಿಡ್ನಿಯಲ್ಲಿ. ಅಲ್ಲಿ ಫೈನಲ್ ಮುಗಿಯಲು 1.3 ಸೆಕೆಂಡ್ ಇದ್ದಾಗ ಆಸ್ಟ್ರೇಲಿಯಾದ ಇವೆಟ್ ಹಿಗ್ಗಿನ್ಸ್ ಗೋಲು ಹೊಡೆದು ಅಮೆರಿಕವನ್ನು 4-3ರಿಂದ ಸೋಲಿಸಿದಳು. 2008ರ ಫೈನಲ್‌ನಲ್ಲಿ ನೆದರ್ಲೆಂಡ್ಸ್‌ನ ಡೇನಿಯೆಲ್ ಡಿ ಬ್ರೌನ್ ಒಬ್ಬಳೇ ಏಳು ಗೋಲು ಹೊಡೆದು ಮತ್ತೆ ಅಮೆರಿಕದ ಕೈಯಿಂದ ಚಿನ್ನ ಕಿತ್ತುಕೊಂಡಳು. ಆ ಬೆಳ್ಳಿಯ ತಂಡದಲ್ಲಿ ಜೆಸಿಕಾ ಸ್ಟೆಫೆನ್ಸ್ ಇದ್ದಳು. ತಂಗಿ ಮ್ಯಾಗಿಗೆ ಆಗ 15. ನಾಲ್ಕು ವರ್ಷ ಬಿಟ್ಟು ಇಬ್ಬರೂ ಒಟ್ಟಿಗೆ ಚಿನ್ನ ತಂದರು.

ಪೆಟ್ಟಿನ ವಿಷಯಕ್ಕೆ ಬರುತ್ತೇನೆ. ಪಂದ್ಯಕ್ಕೆ ಮುಂಚೆ ರೆಫರಿಗಳು ಪ್ರತಿಯೊಬ್ಬರ ಉಗುರು ಮುಟ್ಟಿ ನೋಡುತ್ತಾರೆ, ಉದ್ದ ಇದ್ದರೆ ಕತ್ತರಿಸಿಕೊಂಡು ಬರಬೇಕು. ನೀರೊಳಗೆ ಎಷ್ಟು ಹಿಡಿದಾಟ ನಡೆಯುತ್ತದೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಪಾನ್ ಎದುರಿನ ಮೊದಲ ಪಂದ್ಯದಲ್ಲೇ ಮ್ಯಾಗಿಯ ಮೂಗು ಮುರಿಯಿತು. ಆದರೂ ಆಡಿದಳು. ಗುಂಪಿನ ಹಂತದಲ್ಲಿ ಹಂಗರಿ 10-9ರಿಂದ ಅಮೆರಿಕವನ್ನು ಸೋಲಿಸಿತು. ಕೊನೆಗೆ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 14-5ರ ಗೆಲುವು ಬಂತು. ಸತತ ಮೂರು ಚಿನ್ನ ಗೆದ್ದ ಮೊದಲ ಮಹಿಳಾ ತಂಡ ಅದು. ಇಟಲಿಯ ತಾನಿಯಾ ಡಿ ಮಾರಿಯೊ ದಾಖಲೆ ದಾಟಿ, ಒಲಿಂಪಿಕ್ ಮಹಿಳಾ ವಾಟರ್ ಪೋಲೋದಲ್ಲಿ ಅತಿ ಹೆಚ್ಚು ಗೋಲು ಹೊಡೆದವಳು ಎಂಬ ಹೆಸರೂ ಮ್ಯಾಗಿಗೆ ಅಲ್ಲೇ ಬಂತು.

ಮುರಿದ ಮೂಗಿನ ಕಥೆ ಕೇಳಿ ಮಕ್ಕಳ ಕಣ್ಣು ಅರಳುತ್ತದೆ. ನನಗೆ ಭಯ ಆಗುತ್ತದೆ. ಮೂಗು ಕೂಡಿಕೊಳ್ಳುತ್ತದೆ, ತಲೆಗೆ ಬಿದ್ದ ಪೆಟ್ಟು ಬೇರೆ. 2016ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದು ಸುಮಾರು 1,500 ವಾಟರ್ ಪೋಲೋ ಆಟಗಾರರನ್ನು ಕೇಳಿತ್ತು. ನೂರಕ್ಕೆ 36 ಜನ ತಲೆಗೆ ಪೆಟ್ಟಾಗಿ ಕನ್‌ಕಷನ್, ಅಂದರೆ ಮಿದುಳಿಗೆ ಅದುರಿದ ಪೆಟ್ಟು, ಆಗಿತ್ತು ಎಂದಿದ್ದರು. ಗೋಲ್‌ಕೀಪರ್‌ಗಳಲ್ಲಿ ಅದು 47. ಗೋಲ್‌ಕೀಪರ್‌ಗೆ ಪಂದ್ಯಕ್ಕಿಂತ ಅಭ್ಯಾಸದಲ್ಲೇ ಚೆಂಡು ಮುಖಕ್ಕೆ ಬಡಿಯುವುದು ಜಾಸ್ತಿ, ಯಾಕೆಂದರೆ ಒಬ್ಬರಾದ ಮೇಲೊಬ್ಬರು ಅವಳ ಕಡೆಗೇ ಎಸೆಯುತ್ತಿರುತ್ತಾರೆ. ಪೆಟ್ಟು ಬಿದ್ದವಳು ತಲೆ ಸುತ್ತು, ವಾಕರಿಕೆ, ಮಬ್ಬು ಎಂದರೆ ಆ ದಿನ ಮತ್ತೆ ನೀರಿಗಿಳಿಸಬೇಡಿ. ಡಾಕ್ಟರ್ ನೋಡುವ ತನಕ ಯಾವ ಪಂದ್ಯವೂ ಬೇಡ. ಈ ಮಾತಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಅಮ್ಮಂದಿರಿಗೆ ನಾನು ಕೇಳುವ ಇನ್ನೆರಡು ಪ್ರಶ್ನೆ: ಬೆಳಗ್ಗೆ ಏನು ತಿಂದು ಹೋಗ್ತಾಳೆ? ಮುಟ್ಟು ಸರಿಯಾಗಿ ಆಗ್ತಿದೆಯಾ? ಐದು ಗಂಟೆಗೆ ಎದ್ದು ಒಂದು ಲೋಟ ಹಾಲು ಕುಡಿದು, ಎರಡು ಗಂಟೆ ನೀರಲ್ಲಿದ್ದು, ಅಲ್ಲಿಂದಲೇ ಕಾಲೇಜಿಗೆ ಓಡುವ ಹುಡುಗಿಯ ಸ್ನಾಯು ರಿಪೇರಿ ಆಗುವುದು ಯಾವಾಗ? ಮೂರು ತಿಂಗಳಿಂದ ಮುಟ್ಟು ನಿಂತಿದ್ದರೆ "ಆಟ ಆಡೋರಿಗೆ ಹಾಗೇ" ಅಂತ ಸುಮ್ನೆ ಬಿಡಬೇಡಿ. ಖರ್ಚಾಗುವಷ್ಟು ಊಟ ಒಳಗೆ ಹೋಗುತ್ತಿಲ್ಲ ಎಂದು ಮೈ ಹೇಳುತ್ತಿರಬಹುದು. ಮೂಳೆಗೂ ಅದರಿಂದ ಕೆಡುಕು.

ಇಷ್ಟೆಲ್ಲ ದಾಟಿಯೂ ಒಬ್ಬಳು ಹದಿಮೂರು ಹದಿನಾಲ್ಕು ವರ್ಷ ದೇಶಕ್ಕೆ ಆಡುವುದು ಹೇಗೆ? ಮ್ಯಾಗಿಯ ವರ್ಷಗಳನ್ನು ಗಮನಿಸಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 2014, 2015, 2017ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದುಕೊಟ್ಟಳು. ನಡುವಿನ 2016 ಖಾಲಿ. ಆ ವರ್ಷ ಕಾಲೇಜು ಆಟ ಬಿಟ್ಟು ರಿಯೋಗೆ ತಯಾರಾದಳು. ಅಲ್ಲಿ ಅಮೆರಿಕ ಇಟಲಿಯನ್ನು 12-5ರಿಂದ ಸೋಲಿಸಿ ಎರಡನೇ ಚಿನ್ನ ಪಡೆಯಿತು. ಎರಡು ತಂಡ, ಎರಡು ಕೋಚ್, ಎರಡು ವೇಳಾಪಟ್ಟಿಯನ್ನು ಒಂದೇ ಭುಜದ ಮೇಲೆ ಹೇರದೆ ಇದ್ದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಶಾಲೆ, ಕ್ಲಬ್, ಜಿಲ್ಲೆ, ರಾಜ್ಯ ಎಲ್ಲ ಒಂದೇ ತಿಂಗಳಲ್ಲಿ ಬರುತ್ತವೆ. ಯಾರಿಗೂ ಇಲ್ಲ ಅನ್ನೋಕೆ ಆಗದೆ ಮಕ್ಕಳು ಎಲ್ಲ ಕಡೆ ಆಡುತ್ತಾರೆ.

ದುಡ್ಡಿನ ಮಾತು ಬಿಟ್ಟರೆ ಈ ಲೆಕ್ಕ ಅರ್ಧವೇ. ಕಾಲೇಜು ಮುಗಿದ ಮೇಲೆ ಅಮೆರಿಕದ ಎಷ್ಟೋ ಆಟಗಾರ್ತಿಯರು ಸ್ಪೇನ್, ಇಟಲಿ, ಗ್ರೀಸ್, ಹಂಗರಿಯ ಕ್ಲಬ್‌ಗಳಿಗೆ ಆಡಲು ಹೋಗುತ್ತಾರೆ. 2024ರ ಮೇ ತಿಂಗಳಲ್ಲಿ ಮ್ಯಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದಳು, ತನ್ನ ತಂಡದಲ್ಲಿ ಎರಡು ಮೂರು ಕೆಲಸ ಮಾಡಿಕೊಂಡು ಆಡುವವರಿದ್ದಾರೆ, ನೆರವು ಬೇಕು ಎಂದು. ಮೂರು ಚಿನ್ನ ಗೆದ್ದ ತಂಡದ ನಾಯಕಿ ಬರೆದದ್ದು ಇದು! ರ‍್ಯಾಪರ್ ಫ್ಲೇವರ್ ಫ್ಲಾವ್ ಅದನ್ನು ಓದಿ ಮುಂದೆ ಬಂದ. ತಂಡಕ್ಕೆ ಐದು ವರ್ಷದ ಪ್ರಾಯೋಜಕನಾದ, ಆ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗ್ಯಾಲರಿಯಲ್ಲಿ ನಿಂತು ಕೂಗಿದ. ನನ್ನ ಕೆಲಸದ ಕಡೆಯಿಂದ ನೋಡಿದರೆ ಹಣ ಅಂದರೆ ನಿದ್ದೆ. ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ಕೆಲಸ, ಸಂಜೆ ಮತ್ತೆ ಅಭ್ಯಾಸ ಎಂದು ಬದುಕುವವಳ ಗಾಯ ಬೇಗ ಮಾಗುವುದಿಲ್ಲ. ಮೈ ಗಟ್ಟಿ ಇದ್ದರೂ 25, 26ಕ್ಕೇ ಆಟ ಬಿಟ್ಟವರನ್ನು ನಾನು ಇಲ್ಲಿಯೂ ನೋಡಿದ್ದೇನೆ.

ಪ್ಯಾರಿಸ್‌ನಲ್ಲಿ ನಾಲ್ಕನೇ ಚಿನ್ನ ಬರಲಿಲ್ಲ. ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಜೊತೆ 8-8ರ ಸಮ, ಪೆನಾಲ್ಟಿ ಎಸೆತಗಳಲ್ಲಿ ಸೋಲು. ಕಂಚಿನ ಪಂದ್ಯದಲ್ಲಿ ನೆದರ್ಲೆಂಡ್ಸ್ ಕೊನೇ ಗಳಿಗೆಯ ಗೋಲಿನಿಂದ 11-10ಕ್ಕೆ ಗೆದ್ದಿತು. ನನ್ನ ಹುಡುಗಿ ಆ ಪಂದ್ಯ ನೋಡಿ ಅತ್ತಿದ್ದಳಂತೆ.

ಅವಳಿಗೆ ಎಸೆಯುವುದನ್ನು ಪೂರ್ತಿ ಬಿಡಿಸಲಿಲ್ಲ. ಮೊದಲ ಎರಡು ವಾರ ಗೋಲಿಗೆ ಹೊಡೆಯುವುದು ಬೇಡ, ಹತ್ತಿರದ ಪಾಸ್ ಮಾತ್ರ ಎಂದೆ. ತೊಡೆಯ ಒಳಸ್ನಾಯುಗಳಿಗೆ ಪಕ್ಕಕ್ಕೆ ಮಲಗಿ ಮಾಡುವ ವ್ಯಾಯಾಮ, ಸೊಂಟದ ಕೀಲು ಸಡಿಲಿಸುವುದು, ರಬ್ಬರ್ ಬ್ಯಾಂಡ್ ಎಳೆದು ಹೆಗಲ ಮೂಳೆಯ ಹಿಂದಿನ ಸ್ನಾಯು ಗಟ್ಟಿ ಮಾಡುವುದು. ಸೊಂಟ ತಿರುಗದಿದ್ದರೆ ಆ ತಿರುವನ್ನು ಮಂಡಿ ಹೊರಬೇಕಾಗುತ್ತದೆ, ಮಂಡಿಯ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ) ನೋಯಲು ಶುರುವಾಗುತ್ತದೆ. ಅದಕ್ಕೂ ಮುಂಚೆ ಅವಳು ಬಂದದ್ದು ಒಳ್ಳೆಯದಾಯಿತು. ಮೂರನೇ ವಾರದಿಂದ ಆಳದ ತುದಿಯಲ್ಲಿ ಎಗ್‌ಬೀಟರ್, ಎರಡೂ ಕೈ ನೀರಿನ ಮೇಲೆ. ಆಮೇಲೆ ಕೈಯಲ್ಲಿ ಎರಡು ಲೀಟರ್ ನೀರಿನ ಬಾಟಲಿ.

ಏಳನೇ ವಾರ ಕೊಳಕ್ಕೆ ಹೋಗಿ ನೋಡಿದೆ. ಅಮ್ಮ ದಡದಲ್ಲಿ ಚಪ್ಪಲಿ ಕಳಚಿಟ್ಟು ಕೂತು ಫೋನಿನಲ್ಲಿ ಸಮಯ ನೋಡುತ್ತಿದ್ದರು. ಹುಡುಗಿ ಬಾಟಲಿಯನ್ನು ತಲೆ ಮೇಲೆ ಎತ್ತಿ ಹಿಡಿದಿದ್ದಳು. ಮೊದಲ ದಿನ ಹನ್ನೆರಡು ಸೆಕೆಂಡಿಗೇ ಗದ್ದ ನೀರಿಗೆ ತಾಗಿತ್ತು. ಈಗ ಹೆಗಲು ಪೂರ್ತಿ ಹೊರಗಿತ್ತು. "ನಲವತ್ತು ಆಯ್ತು ಕಣೇ, ಸಾಕು" ಎಂದರು ಅಮ್ಮ. ಅವಳು ಇಳಿಸಲಿಲ್ಲ. ಬಾಟಲಿಯನ್ನು ಬಲಗೈಯೊಂದಕ್ಕೇ ತೆಗೆದುಕೊಂಡು ನನ್ನ ಕಡೆ ನೋಡಿದಳು.